ಅವಧಾನವೂ ಶ್ರದ್ಧೆಯೂ: ಮಿಡಿಗೇಶಿಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಮಧುಗಿರಿ ತಾಲ್ಲೂಕಿನ ಹೋಬಳಿಗಳಲ್ಲೊಂದರ ಮುಖ್ಯಸ್ಥಳವಾದ ಮಿಡಿಗೇಶಿಯು ತನ್ನ ಗಿರಿದುರ್ಗದಿಂದ ಇತಿಹಾಸಾಸಕ್ತರಿಗೆ ಪರಿಚಿತವಾದ ಊರು. ಹಿಮ್ಮಡಿಯನ್ನು ಮುಟ್ಟುವಷ್ಟು ನೀಳವಾದ ಕೇಶವಿದ್ದ ಒಬ್ಬ ರಾಣಿಯಿಂದ ಊರಿಗೆ ಈ ಹೆಸರು ಬಂದಿತೆಂದು ಸ್ಥಳದ ಐತಿಹ್ಯವು ಹೇಳುತ್ತದೆ. ಮಧುಗಿರಿಯ ಸೀಮೆಯು 1678ರಲ್ಲಿ ಚಿಕ್ಕದೇವರಾಜ ಒಡೆಯರಿಗೆ ವಶವಾದ ಸಂಗತಿಯೂ ವಿದ್ವಾಂಸರಿಗೆ ವಿದಿತವಾದದ್ದೇ. ರಾಣಿಯ ಕೂದಲಿನ ಉದ್ದವನ್ನು ನೆನಪಿಟ್ಟುಕೊಂಡಿರುವ ಈ ಊರಿನ ಇತಿಹಾಸದಲ್ಲಿ, ಕೋಟೆಯ ಬುಡದ ಶಾಲೆಯಲ್ಲಿ ಕುಳಿತು ಪಾಠದ ಮೇಲೆ ಮನಸ್ಸನ್ನು ನಿಲ್ಲಿಸಲಾರದೆ ಹೋದ ಹುಡುಗನು ತನ್ನ ವಿಷಯದಲ್ಲಿ ಏನೆಂದುಕೊಂಡನೆಂಬುದಕ್ಕೆ ಒಂದು ಸಾಲಿನಷ್ಟು ಎಡೆಯೂ ಇಲ್ಲ. ಇದು ಮಿಡಿಗೇಶಿಯೊಂದರ ಕೊರತೆಯಲ್ಲ. ಆದರೆ ಶಾಲಾಶಿಕ್ಷಣ ಇಲಾಖೆಯು ತುಮಕೂರು ಜಿಲ್ಲೆಯನ್ನು ಎರಡು ಭಾಗಮಾಡಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿ ಎಣಿಸುತ್ತಿರುವುದರಿಂದ, ಶಾಲೆಯ ಲೆಕ್ಕದಿಂದಲೇ ಗುರುತಿಸಲ್ಪಡುವ ಈ ಸೀಮೆಯನ್ನು ಮುಂದಿಟ್ಟುಕೊಂಡು ಪ್ರಶ್ನೆಯನ್ನು ವಿಚಾರಿಸುವುದು ಅನುಚಿತವಾಗದೆಂದು ನಂಬಿದ್ದೇನೆ.

ಪ್ರಕೃತ ವಿಷಯವೆಂದರೆ, ಇಂದಿನ ವೈದ್ಯರು ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದೂ, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಎಂದೂ ಕರೆಯುವ ಸ್ಥಿತಿಯುಳ್ಳ ಹದಿಹರೆಯದವರು ತಮ್ಮ ಕಷ್ಟವನ್ನು ತಾವು ಹೇಗೆ ಕಾಣುತ್ತಾರೆ, ಆ ಕಾಣ್ಕೆಯು ಎಲ್ಲಿ ದಾಖಲಾಗಿದೆ ಎಂಬುದು. ಲೋಕದಲ್ಲಿ ನೂರು ಮಕ್ಕಳಲ್ಲಿ ಸುಮಾರು 5 ಮಂದಿಗೆ ಇದು ಇರುವುದೆಂದು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದವರು ಹೇಳುತ್ತಾರೆ. ಹಾಗಾದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಇದರಲ್ಲಿ ವಂಶದ ಪಾಲು ದೊಡ್ಡದೆಂದು ಅವಳಿ ಮಕ್ಕಳ ಪರೀಕ್ಷೆಗಳಿಂದ ಸಿದ್ಧವಾಗಿದೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಸಂಬಂಧಪಟ್ಟ ಎರಡು ಪ್ರೌಢಶಬ್ದಗಳಿವೆ: ಅವಧಾನ, ಶ್ರದ್ಧೆ. ಒಂದು ವಸ್ತುವಿನ ಮೇಲೆ ಚಿತ್ತವನ್ನು ನಿಲ್ಲಿಸಬಲ್ಲ ಸಾಮರ್ಥ್ಯವು ಅವಧಾನ. ಆ ವಸ್ತುವಿನಲ್ಲಿರುವ ಆದರ ಮತ್ತು ಮಾಡಬೇಕೆಂಬ ಸಂಕಲ್ಪವು ಶ್ರದ್ಧೆ. ಅಷ್ಟಾವಧಾನದ ಸಭೆಯನ್ನು ಕಂಡವರಿಗೆ ಭೇದವು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಪೃಚ್ಛಕರ ನಡುವೆ ಅಪ್ರಸ್ತುತಪ್ರಸಂಗಿ ಎಂಬೊಬ್ಬನು ಕುಳಿತು, ಬೇಕೆಂದೇ ಸಂಬಂಧವಿಲ್ಲದ ಮಾತುಗಳನ್ನೆತ್ತಿ ಅವಧಾನಿಯ ಚಿತ್ತವನ್ನು ಕದಲಿಸಲು ಯತ್ನಿಸುತ್ತಾನೆ. ಅವಧಾನಿಯು ಒಂದು ಕ್ಷಣ ತಡವರಿಸಿದರೆ ಅವನಿಗೆ ಕಾವ್ಯದಲ್ಲಿ ಶ್ರದ್ಧೆಯಿಲ್ಲವೆಂದು ಸಭೆಯಲ್ಲಿ ಯಾರೂ ಹೇಳುವುದಿಲ್ಲ. ನಾವು ಹೇಳುತ್ತಿರುವ ಮಕ್ಕಳಲ್ಲಿ ಅಪ್ರಸ್ತುತಪ್ರಸಂಗಿಯು ಹೊರಗೆ ಕುಳಿತಿಲ್ಲ, ತಲೆಯೊಳಗೇ ಇದ್ದಾನೆ. ಅವರು ತಡವರಿಸಿದಾಗ ಸಭೆಯು ಕೊಡುವ ತೀರ್ಪು ಮಾತ್ರ ಶ್ರದ್ಧೆಯಿಲ್ಲವೆಂದೇ. ಈ ಸ್ಥಿತಿಯ ಇತಿಹಾಸದಲ್ಲಿ ಹಿರಿಯರ ಸಾಕ್ಷ್ಯವು ಬಹುಮಟ್ಟಿಗೆ ಶ್ರದ್ಧೆಯನ್ನು ಕುರಿತದ್ದೆಂದೂ, ಕಿರಿಯರ ಸಾಕ್ಷ್ಯವು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅವಧಾನವನ್ನು ಕುರಿತದ್ದೆಂದೂ ನನಗೆ ತೋರುತ್ತದೆ.

ಪ್ರಾಚೀನರು ಈ ಭೇದವನ್ನು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಾತದಿಂದ ಹುಟ್ಟುವ ಎಂಬತ್ತು ವಿಕಾರಗಳನ್ನು ಎಣಿಸುವಾಗ ಅನವಸ್ಥಿತಚಿತ್ತತ್ವವೆಂಬುದೂ ಆ ಪಟ್ಟಿಯಲ್ಲಿ ಸೇರಿದೆ. ಚಿತ್ತವು ನೆಲೆನಿಲ್ಲದಿರುವುದು ಅಲ್ಲಿ ದೇಹದ ವಿಕಾರ, ನಡತೆಯ ದೋಷವಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿಯುವಷ್ಟು ಕಷ್ಟವೆಂದು ಅರ್ಜುನನು ತನ್ನ ಅನುಭವವಾಗಿಯೇ ದೂರಿಕೊಳ್ಳುತ್ತಾನೆ. ಕೃಷ್ಣನು ಮೊದಲು ಆ ಮಾತನ್ನು ಒಪ್ಪಿಕೊಂಡು ಆಮೇಲೆ ಉಪಾಯವನ್ನು ಹೇಳುತ್ತಾನೆ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ತನ್ನ ಮನಸ್ಸನ್ನು ಹೋಲಿಸಿಕೊಂಡ ಬಸವಣ್ಣನವರ ಮಾತು ಕನ್ನಡಿಗರಿಗೆಲ್ಲ ಪರಿಚಿತವಾದದ್ದು. ಆದರೆ ಇಲ್ಲಿ ಎಚ್ಚರಿಕೆಯು ಅವಶ್ಯ. ಮನುಷ್ಯಮಾತ್ರರ ಮನಸ್ಸು ಅಲೆಯುವುದು ಬೇರೆ. ಚಿಕ್ಕಂದಿನಿಂದಲೇ, ಮನೆಯಲ್ಲೂ ಶಾಲೆಯಲ್ಲೂ, ಬದುಕಿಗೆ ತೊಡಕಾಗುವಷ್ಟು ಅಲೆಯುವುದು ಬೇರೆ. ಹಿಂದಿನ ಮಹನೀಯರ ಮಾತುಗಳಿಂದ ಅವರಿಗೆ ಈ ಸ್ಥಿತಿಯಿತ್ತೆಂದು ಊಹಿಸುವುದು ಇತಿಹಾಸವೂ ಅಲ್ಲ, ವೈದ್ಯವೂ ಅಲ್ಲ. ಶಿವರಾಮ ಕಾರಂತರು 1948ರಲ್ಲಿ ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರೆಂದು ಅವರನ್ನು ಈ ಪಟ್ಟಿಗೆ ಸೇರಿಸುವ ಉತ್ಸಾಹಿಗಳಿಂದ ವಿಷಯಕ್ಕೆ ಹಾನಿಯೇ ಹೊರತು ಲಾಭವಿಲ್ಲ. ಆ ಹಳೆಯ ವಾಕ್ಯಗಳಿಂದ ನಮಗೆ ಬೇಕಾದದ್ದು ಇಷ್ಟೆ: ಮನಸ್ಸು ನಿಲ್ಲದೆಂದು ಒಬ್ಬನು ತಾನಾಗಿ ಹೇಳಿಕೊಂಡಾಗ ಅದನ್ನು ನೆಪವೆಂದು ತಳ್ಳಿಬಿಡದೆ ಕೇಳುವ ಸಂಪ್ರದಾಯವು ನಮ್ಮಲ್ಲಿ ಇದ್ದಿತು.

ಆ ಸಂಪ್ರದಾಯವು ಶಾಲೆಯೊಳಕ್ಕೆ ಬರಲಿಲ್ಲ. ಕೂಲಿಮಠದ ಕಾಲದಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರವನ್ನು ತಿದ್ದಿ, ಮಗ್ಗಿಯನ್ನು ಒಕ್ಕೊರಲಿನಿಂದ ಕೂಗಿ, ಮಹಾನವಮಿಯಲ್ಲಿ ಚೌಪದಗಳನ್ನು ಹಾಡುತ್ತ ಮನೆಮನೆಗೆ ಹೋಗುತ್ತಿದ್ದರು. ಐಗಳ ಕೈಯಲ್ಲಿ ಬೆತ್ತವಿತ್ತು. ಕೈಗಳನ್ನು ಮೇಲೆ ಕಟ್ಟಿ ತೂಗುಹಾಕುವ ಕೋದಂಡವೆಂಬ ಕ್ರೂರಶಿಕ್ಷೆಯೂ ಇತ್ತು. ಆ ಕಾಲವನ್ನು ಸ್ವರ್ಗವೆಂದು ವರ್ಣಿಸುವವರೊಡನೆ ನಾನು ಸೇರಲಾರೆ. ಆದರೂ ಕೂಗಿ ಕಲಿಯುವ ಪಾಠದಲ್ಲಿ ದೇಹಕ್ಕೂ ಬಾಯಿಗೂ ಕೆಲಸವಿತ್ತು. ಗಂಟೆ ಹೊಡೆದೊಡನೆ ಒಂದು ವಿಷಯದಿಂದ ಇನ್ನೊಂದಕ್ಕೆ ಹಾರಬೇಕಾಗಿರಲಿಲ್ಲ. ಒಂದು ಕಡೆ ಕೂರಲಾರದ ಹುಡುಗನು ಹತ್ತು ಹನ್ನೆರಡನೆಯ ವಯಸ್ಸಿಗೆ ಕುರಿಯ ಹಿಂದೆಯೋ ಹೊಲಕ್ಕೋ ಹೊರಟುಹೋದರೆ ಅವನನ್ನು ಸೋತವನೆಂದು ಯಾರೂ ಬರೆದಿಡುತ್ತಿರಲಿಲ್ಲ. 1868ರಲ್ಲಿ ಬಿ. ಎಲ್. ರೈಸರು ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ತಂದರು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಬಂದಿತು. ಹಾಜರಿಪುಸ್ತಕ, ವೇಳಾಪಟ್ಟಿ, ವರ್ಷಾಂತ್ಯದ ಪರೀಕ್ಷೆ ಇವು ಹೋಬಳಿಗೂ ತಲಪಿದವು. ಇವುಗಳಿಂದ ನಾಡಿಗಾದ ಉಪಕಾರವು ಅಪಾರವೆಂಬುದರಲ್ಲಿ ಸಂದೇಹವಿಲ್ಲ. ಕುರಿಯ ಹಿಂದೆ ಹೋಗುತ್ತಿದ್ದವನ ಮೊಮ್ಮಗನು ಎಸ್.ಎಸ್.ಎಲ್.ಸಿ.ಗೆ ಕುಳಿತದ್ದು ಇದರಿಂದಲೇ. ಸ್ಥಿತಿಯನ್ನು ಶಾಲೆಯು ಹುಟ್ಟಿಸಲಿಲ್ಲ. ಅದು ಕಣ್ಣಿಗೆ ಬೀಳುವಂತೆ ಮಾಡಿತು. ಕಂಡದ್ದಕ್ಕೆ ಹೆಸರನ್ನಿಟ್ಟವರೋ ಉಪಾಧ್ಯಾಯರು ಮತ್ತು ತಂದೆತಾಯಿಗಳು. ತುಂಟ, ಪುಂಡ, ದಡ್ಡ, ಸೋಮಾರಿ, ಮರೆಗುಳಿ, ಮಂಗಬುದ್ಧಿಯವನು, ಕಾಲಿಗೆ ಚಕ್ರ ಕಟ್ಟಿಕೊಂಡವನು: ಇವೆಲ್ಲ ಇನ್ನೊಬ್ಬನನ್ನು ಬೆರಳಿಟ್ಟು ತೋರಿಸುವ ಮಾತುಗಳು. ಇವುಗಳಲ್ಲಿ ಒಂದನ್ನಾದರೂ ಹುಡುಗನು ತನ್ನ ಕಷ್ಟವನ್ನು ಹೇಳಿಕೊಳ್ಳಲು ತಾನಾಗಿ ಆರಿಸಿಕೊಂಡನೆಂದು ಹೇಳುವಂತಿಲ್ಲ.

ಇದೇ ಕಥೆಯು ಯುರೋಪಿನ ವೈದ್ಯಗ್ರಂಥಗಳಲ್ಲಿ ಹೇಗೆ ನಡೆಯಿತೆಂಬುದನ್ನು ನೋಡುವುದು ಇಲ್ಲಿ ಅವಶ್ಯವಾಗಿದೆ. ಏಕೆಂದರೆ ನಮ್ಮ ಆಸ್ಪತ್ರೆಗಳಿಗೆ ಬಂದ ಲಕ್ಷಣಪಟ್ಟಿಗಳ ಮೂಲವು ಅಲ್ಲಿದೆ. ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ನನು 1798ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವಧಾನಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅವಧಾನವು ನಿಲ್ಲದ ಸ್ಥಿತಿಯು ಕೆಲವರಿಗೆ ಹುಟ್ಟಿನಿಂದಲೇ ಬರುವುದೆಂದೂ, ವಿದ್ಯಾಭ್ಯಾಸದಲ್ಲಿ ಅದು ಬೇಗನೆ ಕಾಣಿಸಿಕೊಳ್ಳುವುದೆಂದೂ, ಸಾಮಾನ್ಯವಾಗಿ ವಯಸ್ಸಿನೊಡನೆ ಕಡಮೆಯಾಗುವುದೆಂದೂ ಹೇಳಿದನು. ಅವನು ದಾಖಲಿಸಿದ ಇನ್ನೊಂದು ಸಣ್ಣ ಸಂಗತಿಯು ನಮಗೆ ಹೆಚ್ಚು ಮುಖ್ಯ. ಸಣ್ಣ ಸದ್ದು, ಸಣ್ಣ ಚಲನೆಗಳಿಂದಲೂ ಕದಡಿಹೋಗುವ ಇಂಥ ಜನರು ತಮ್ಮ ನರಗಳ ಆ ಸ್ಥಿತಿಗೆ ತಾವೇ ಒಂದು ಹೆಸರನ್ನು ಇಟ್ಟುಕೊಂಡಿದ್ದರಂತೆ: ಫಿಜೆಟ್ಸ್, ಎಂದರೆ ಚಡಪಡಿಕೆ. ಅನುಭವಿಸಿದವರ ಬಾಯಿಂದ ಬಂದ ಆ ಮಾತನ್ನು ಕ್ರೈಟನ್ನನು ಹಾಗೆಯೇ ಬರೆದಿಟ್ಟನು.

ನೂರು ವರ್ಷಗಳ ಮೇಲೆ, 1902ರಲ್ಲಿ, ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ಲನು ರಾಯಲ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ 43 ಮಕ್ಕಳ ವಿಷಯವನ್ನು ಹೇಳಿದನು. ಬುದ್ಧಿಮಾಂದ್ಯವಿಲ್ಲದ 20 ಮಂದಿಯಲ್ಲಿ 15 ಹುಡುಗರು, 5 ಹುಡುಗಿಯರು. ಅವನು ಕೊಟ್ಟ ಹೆಸರು ನೈತಿಕ ನಿಯಂತ್ರಣದ ಕೊರತೆ. ಇದು ಶೀಲವನ್ನು ಕುರಿತ ಹೆಸರು. ನಮ್ಮ ಪರಿಭಾಷೆಯಲ್ಲಿ ಶ್ರದ್ಧೆಯ ಕಡೆಗೆ ಸೇರತಕ್ಕದ್ದು. ಆ ಮಕ್ಕಳು ತಮ್ಮನ್ನು ಕುರಿತು ಏನೆಂದರೆಂಬುದು ಅಲ್ಲಿ ಕೇಳಿಸುವುದು ಬಹಳ ಕಡಮೆ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು 30 ಮಕ್ಕಳಿಗೆ ಒಂದು ವಾರ ಬೆಂಜಿಡ್ರಿನ್ ಎಂಬ ಔಷಧವನ್ನು ಕೊಟ್ಟು, 14 ಮಂದಿಯಲ್ಲಿ ಶಾಲೆಯ ಕೆಲಸವು ವಿಸ್ಮಯಕರವಾಗಿ ಸುಧಾರಿಸಿದ್ದನ್ನು ಕಂಡನು. ವೈದ್ಯಶಾಸ್ತ್ರದ ಇತಿಹಾಸಕಾರರು ಔಷಧದ ವಿಷಯವನ್ನೇ ಎತ್ತಿ ಆಡುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಪುಟಗಳ ಬೆಲೆಯು ಬೇರೆಡೆಯಲ್ಲಿದೆ: ಬ್ರಾಡ್ಲಿಯು ಮಕ್ಕಳ ಸ್ವಂತ ಮಾತುಗಳನ್ನೂ ಬರೆದುಕೊಂಡನು. ಹಾಸಿಗೆಯನ್ನು ಸರಿಮಾಡಲು ತೊಡಗಿದರೆ ತನಗೆ ಗೊತ್ತಾಗುವ ಮೊದಲೇ ಕೆಲಸವು ಮುಗಿದಿರುತ್ತದೆಂದು ಒಂದು ಮಗುವು ಹೇಳಿತು. ಮಗುವಿಗೆ ಹಾಸಿಗೆಯನ್ನು ಸರಿಮಾಡಬೇಕೆಂಬ ಮನಸ್ಸು ಮೊದಲೂ ಇದ್ದಿರಬೇಕು. ತೊಡಗಿದ್ದು ಮುಗಿಯುವುದೇ ಅದಕ್ಕೆ ಹೊಸ ಅನುಭವವಾಗಿ ತೋರಿತು. ಮುಂದೆ ಅಮೆರಿಕದ ಮನೋವೈದ್ಯಸಂಘದ ಕೈಪಿಡಿಯು 1968ರಲ್ಲಿ ಅತಿಚಲನೆಯನ್ನೂ, 1980ರಲ್ಲಿ ಅವಧಾನದ ಕೊರತೆಯನ್ನೂ ಮುಂದಿಟ್ಟು ಹೆಸರನ್ನು ಬದಲಾಯಿಸಿತು. 1987ರಲ್ಲಿ ಈಗಿನ ಹೆಸರು ಬಂದಿತು. ಅಂತೂ ಶಾಸ್ತ್ರವು ಶೀಲದಿಂದ ಹೊರಟು ಅವಧಾನಕ್ಕೆ ಬಂದು ಸೇರಲು ಎಂಟು ದಶಕಗಳು ಹಿಡಿದವು.

ನಮ್ಮ ನಾಡಿಗೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಮುಂಬಯಿ ಕರ್ನಾಟಕದ ಕಡೆ ವಿ. ವಿ. ಕಾಮತರು ಬಿನೇಯ ಬುದ್ಧಿಪರೀಕ್ಷೆಗಳನ್ನು ಕನ್ನಡ ಮರಾಠಿಗಳಿಗೆ ಅಳವಡಿಸಿ 1940ರಲ್ಲಿ ಗ್ರಂಥವನ್ನು ಹೊರತಂದರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯ ವೈದ್ಯರು ಬೆಂಗಳೂರಿನ ನಗರ ಮತ್ತು ಗ್ರಾಮಭಾಗಗಳ 2064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 12.5 ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಮಗುವಿಗೆ ತೊಂದರೆಯಿದೆಯೆಂದು ತಾವಾಗಿ ಭಾವಿಸಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ. ಈ ಕಡೆಯ ಅಂಕಿಯನ್ನು ಓದಿದಾಗ, ಕುಟುಂಬದ ಭಾವನೆಯನ್ನು ಕೇಳಿದಂತೆ ಮಗುವಿನ ಭಾವನೆಯನ್ನೂ ಬೇರೆಯಾಗಿ ಕೇಳಿ ಎಣಿಸಿದ್ದರೆ ಎಷ್ಟಾಗುತ್ತಿತ್ತೆಂಬ ಕುತೂಹಲವು ಹುಟ್ಟದೆ ಇರದು. ಸಾಹಿತ್ಯದಲ್ಲಿ ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಗೆಲ್ಲುವ ಹುಡುಗನನ್ನೂ ಶಾಲೆಯ ಲೆಕ್ಕಕ್ಕೆ ಸಲ್ಲದ ಹುಡುಗನನ್ನೂ ಎದುರುಬದುರು ನಿಲ್ಲಿಸಿ ಯಾರು ಟೊಳ್ಳು, ಯಾರು ಗಟ್ಟಿ ಎಂದು ಕೇಳಿದರು. ಕನ್ನಡದಲ್ಲಿ ಶಾಲೆಯ ತೀರ್ಪಿನ ಮೇಲೆ ನಡೆದ ಮೇಲ್ಮನವಿಗಳಲ್ಲಿ ಅದು ಶ್ರೇಷ್ಠವಾದದ್ದು. ಆದರೂ ಅಲ್ಲಿ ವಕಾಲತ್ತು ಹಿಡಿದವರು ನಾಟಕಕಾರರು.

ಹಾಗಾದರೆ ಹುಡುಗನ ಸ್ವಂತ ಮಾತು ಎಲ್ಲಿದೆ? ಗ್ರಂಥಗಳಲ್ಲಿ ಹುಡುಕುವುದನ್ನು ಬಿಟ್ಟು ದಿನದ ಮಾತಿನ ಕಡೆಗೆ ಕಿವಿಗೊಟ್ಟರೆ ಅದು ಅಲ್ಲೇ ಇದೆ. ಉಪಾಧ್ಯಾಯರು “ಯಾಕೋ ಬರೆದುಕೊಂಡು ಬರಲಿಲ್ಲ?” ಎಂದು ಕೇಳುತ್ತಾರೆ. ಹುಡುಗನು “ಮರ್ತೋಯ್ತು ಸಾ” ಎನ್ನುತ್ತಾನೆ. ಪ್ರಶ್ನೆಯಲ್ಲಿ ಕರ್ತೃವು ನೀನು. ಉತ್ತರದಲ್ಲಿ ನಾನು ಎಂಬ ಕರ್ತೃವೇ ಇಲ್ಲ. ತಲೆಗೆ ಹತ್ತಲಿಲ್ಲ, ಮನಸ್ಸು ನಿಲ್ಲೋದಿಲ್ಲ, ನನಗೆ ನೆನಪಾಗಲಿಲ್ಲ, ಕೂತ್ಕೊಳ್ಳೋಕೆ ಆಗೋದಿಲ್ಲ: ಎಲ್ಲವೂ ಇದೇ ಬಗೆಯ ವಾಕ್ಯಗಳು. ಅನುಭವಿಸುವವನು ಚತುರ್ಥಿಯಲ್ಲಿ ನಿಂತು, ನೆನಪೋ ಮನಸ್ಸೋ ಕರ್ತೃಸ್ಥಾನಕ್ಕೆ ಬರುತ್ತದೆ. ಪಾವಗಡದ ಕಡೆ ಮನೆಮಾತು ತೆಲುಗಾಗಿರುವ ಮಕ್ಕಳು ‘ನಾಕು ಗುರ್ತು ಲೇದು’ ಎನ್ನುವಲ್ಲಿಯೂ ಅದೇ ಚತುರ್ಥಿಯೇ. ಈ ಪ್ರಯೋಗವು ಎಲ್ಲರ ಬಾಯಲ್ಲೂ ಇರುವುದರಿಂದ ಇದರಿಂದಲೇ ಯಾರ ಸ್ಥಿತಿಯನ್ನೂ ನಿರ್ಣಯಿಸಲಾಗದು, ನಿಜ. ಆದರೆ ಮನಸ್ಸು ತನ್ನ ಅಧೀನದಲ್ಲಿಲ್ಲದ ಅನುಭವವನ್ನು ಸುಳ್ಳಿಲ್ಲದೆ ಹೇಳಲು ಬೇಕಾದ ರಚನೆಯು ಭಾಷೆಯಲ್ಲಿಯೇ ಸಿದ್ಧವಾಗಿದೆ. ಇಂಥ ಮಕ್ಕಳು ಇನ್ನೊಂದು ಮಾತನ್ನು ಸೇರಿಸುತ್ತಾರೆ: “ಬೇಕೂಂತ ಮಾಡಿದ್ದಲ್ಲ.” ಶ್ರದ್ಧೆಯ ಆರೋಪಕ್ಕೆ ಅವಧಾನದ ಉತ್ತರವು ಇದೇ. ನಿನ್ನೆ ಬಂದ ಲೆಕ್ಕವು ಇಂದು ಬರುವುದಿಲ್ಲ, ಇಷ್ಟವಾದ ಕೆಲಸದಲ್ಲಿ ಊಟದ ಪರಿವೆಯೂ ಇರುವುದಿಲ್ಲ ಎಂಬುದು ಹಿರಿಯರಿಗೆ ಕಪಟದ ಪುರಾವೆಯಾಗಿ ಕಾಣುತ್ತದೆ. ಹುಡುಗನಿಗೆ ಅದು ತನಗೇ ಅರ್ಥವಾಗದ ಸಂಗತಿ. ವೈದ್ಯರಾದರೋ ಈ ಏರುಪೇರನ್ನೇ ಸ್ಥಿತಿಯ ಗುರುತುಗಳಲ್ಲಿ ಒಂದೆಂದು ಹೇಳುತ್ತಾರೆ.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಈ ಸ್ಥಿತಿಯುಳ್ಳ ಮಕ್ಕಳು ತಮ್ಮ ಸಾಮರ್ಥ್ಯವನ್ನು ತಂದೆತಾಯಿಗಳೂ ಉಪಾಧ್ಯಾಯರೂ ಅಳೆಯುವುದಕ್ಕಿಂತ ಹೆಚ್ಚಾಗಿ ಎಣಿಸಿಕೊಳ್ಳುತ್ತಾರೆ, ತಮ್ಮ ಲಕ್ಷಣಗಳನ್ನು ಕಡಮೆಮಾಡಿ ಹೇಳುತ್ತಾರೆ ಎಂದು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಇಂಥ ಸಾಕ್ಷಿಯನ್ನು ನಂಬುವುದು ಹೇಗೆ? ಶಾಸನಗಳನ್ನು ಓದುವವರಿಗೆ ಇದು ಹೊಸ ತೊಡಕಲ್ಲ. ಪ್ರಶಸ್ತಿಭಾಗದಲ್ಲಿ ಅರಸನು ಗೆದ್ದನೆಂದು ಹೇಳುವ ದೇಶಗಳನ್ನೆಲ್ಲ ನಾವು ನಂಬುವುದಿಲ್ಲ. ಅದೇ ಕಲ್ಲಿನ ಮೇಲೆ ದತ್ತಿಯ ಭೂಮಿಗೆ ಹೇಳಿದ ಚತುಸ್ಸೀಮೆಯನ್ನು, ಹಳ್ಳ, ಹುಣಿಸೆಮರ, ನೆಟ್ಟ ಕಲ್ಲುಗಳ ಸಮೇತ ನಂಬುತ್ತೇವೆ. ಹಾಗೆಯೇ ತನ್ನ ಕಷ್ಟವು ಎಷ್ಟೆಂಬುದರಲ್ಲಿ ಹುಡುಗನು ತಪ್ಪಬಹುದು. ಅದು ಎಂಥದೆಂಬುದಕ್ಕೆ ಅವನಷ್ಟು ಹತ್ತಿರದ ಸಾಕ್ಷಿಯು ಬೇರೊಬ್ಬನಿಲ್ಲ. ಅಲ್ಲದೆ ದಿನವೂ ಬೈಸಿಕೊಳ್ಳುವವನು ತನ್ನನ್ನು ತಾನು ಸ್ವಲ್ಪ ಹೆಚ್ಚಾಗಿ ಎಣಿಸಿಕೊಂಡರೆ ಅದಕ್ಕೂ ಕಾರಣವಿರಬಹುದಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ಇಲಿನಾ ಸಿಂಗ್ ಎಂಬ ವಿದುಷಿಯು ಇಂಗ್ಲೆಂಡು ಅಮೆರಿಕಗಳ 151 ಮಕ್ಕಳನ್ನು ಮಾತನಾಡಿಸಿ 2012ರ ಸುಮಾರಿಗೆ ಪ್ರಕಟಿಸಿದ ಶೋಧನೆಯಲ್ಲಿ, ಅಮೆರಿಕದ ಮಕ್ಕಳು ಈ ಸ್ಥಿತಿಯನ್ನು ಹೆಚ್ಚಾಗಿ ಅಂಕಗಳ ತೊಂದರೆಯೆಂದೂ, ಇಂಗ್ಲೆಂಡಿನ ಮಕ್ಕಳು ಹೆಚ್ಚಾಗಿ ಕೋಪ, ಜಗಳ, ನಡತೆಗಳ ತೊಂದರೆಯೆಂದೂ ಕಂಡರು. ಸ್ಥಿತಿಯು ಒಂದೇ, ಸುತ್ತಲಿನವರು ಯಾವುದರಿಂದ ಅಳೆಯುತ್ತಾರೋ ಅದೇ ಅಳತೆಗೋಲಿನಿಂದ ಮಕ್ಕಳು ತಮ್ಮನ್ನು ಅಳೆದುಕೊಳ್ಳುತ್ತಾರೆ. ಮಧುಗಿರಿಯ ಸೀಮೆಯಲ್ಲಿ ಅಳತೆಗೋಲು ಯಾವುದೆಂಬುದನ್ನು ಹೇಳಬೇಕಾಗಿಲ್ಲ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ಒಣಭೂಮಿಯ ಮನೆಗಳಿಗೆ ಹತ್ತನೆಯ ತರಗತಿಯ ಫಲಿತಾಂಶವೆಂದರೆ ಹೊಲದಿಂದ ಹೊರಗೆ ಹೋಗುವ ಬಾಗಿಲು. ಶೈಕ್ಷಣಿಕ ಜಿಲ್ಲೆಯ ಸ್ಥಾನವೂ ರಾಜ್ಯದ ಪಟ್ಟಿಯಲ್ಲಿ ಆ ಫಲಿತಾಂಶದಿಂದಲೇ ಏರುತ್ತದೆ, ಇಳಿಯುತ್ತದೆ. ಇಂಥಲ್ಲಿ ಹದಿನೈದು ವರ್ಷದ ಹುಡುಗನಿಗೆ ತನ್ನ ಕಷ್ಟವು ಅವಧಾನದ ರೂಪದಲ್ಲಿ ಕಾಣುವ ಮೊದಲೇ ಅಂಕದ ರೂಪದಲ್ಲಿ ಕಂಡುಬಿಡುತ್ತದೆ. “ನಾನು ದಡ್ಡ” ಎಂಬ ಮಾತು ಅವನ ಬಾಯಲ್ಲಿ ಬಂದರೆ ಅದನ್ನು ಆತ್ಮಸಾಕ್ಷ್ಯವೆಂದು ಎಣಿಸುವುದು ತಪ್ಪು, ಅದು ಎರವಲು. ‘ನಿಲ್ಲೋದಿಲ್ಲ’ ಎಂಬುದು ಅವನದು.

ಹುಡುಗಿಯರ ವಿಷಯವು ಇನ್ನೂ ಮಸುಕು. ಅವರಲ್ಲಿ ಚಲನೆಗಿಂತ ಮೈಮರೆವು ಹೆಚ್ಚಾಗಿ ಕಾಣುವುದರಿಂದ ತರಗತಿಗೆ ತೊಂದರೆಯಾಗುವುದಿಲ್ಲ. ತೊಂದರೆಯಾಗದ್ದನ್ನು ಯಾರೂ ಬರೆದಿಡುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದಾಗ ಮನೆಯಲ್ಲಿ ಬೈಗುಳವು ಬೀಳುತ್ತದೆ, ಅಷ್ಟೆ.

ಈಚಿನ ಕಾನೂನುಗಳನ್ನು ಸಂಕ್ಷೇಪವಾಗಿ ಹೇಳುವೆನು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2014ರಲ್ಲಿ ಬಂದ ‘ಮನೋಚೈತನ್ಯ’ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಸೇವೆಗೆ ಏರ್ಪಾಡಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿ ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನು ಅದರಲ್ಲಿ ಸೇರಿಸಿತು. ಅವಧಾನದ ಕೊರತೆಗೆ ಆ ಪಟ್ಟಿಯಲ್ಲಿ ಸ್ವಂತ ಹೆಸರಿಲ್ಲ.

ಕಡೆಯದಾಗಿ ಆಕರಗಳ ವಿಷಯ. ಹಾಜರಿಪುಸ್ತಕ, ಅಂಕಪಟ್ಟಿ, ಪ್ರಗತಿಪತ್ರಗಳಲ್ಲಿ ಹುಡುಗನ ಮಾತಿಗೆ ಅಂಕಣವಿಲ್ಲ. ಅವನ ಕೈಬರೆಹದಲ್ಲಿಯೇ ಉಳಿದಿರುವ ಒಂದು ಬಗೆಯ ದಾಖಲೆಯುಂಟು. ವಿದ್ವಾಂಸರು ಅದನ್ನು ಲಕ್ಷಿಸಿದ್ದು ಕಾಣೆ. ಅದು ತಪ್ಪೊಪ್ಪಿಗೆಯ ಪತ್ರ: ಮನೆಗೆಲಸವನ್ನು ಬರೆಯದೆ ಬಂದವನಿಂದ, ಪುಸ್ತಕ ಮರೆತವನಿಂದ ತಂದೆಯ ಸಹಿಯೊಡನೆ ಬರೆಯಿಸಿಕೊಳ್ಳುವ ಕಾಗದ. ನಾನು ಉಪಾಧ್ಯಾಯನಾಗಿದ್ದಾಗ ಇಂಥವನ್ನು ಎಷ್ಟೋ ಬರೆಯಿಸಿಕೊಂಡಿದ್ದೇನೆ. ‘ಬುದ್ಧಿಯಿದೆ, ಶ್ರದ್ಧೆಯಿಲ್ಲ’ ಎಂದು ಎಷ್ಟೋ ಪ್ರಗತಿಪತ್ರಗಳ ಮೇಲೆ ಬರೆದೂ ಇದ್ದೇನೆ. ನನ್ನ ಹಳೆಯ ಕಾಗದಗಳಲ್ಲಿ ಉಳಿದಿದ್ದ ಕೆಲವನ್ನು ಈಚೆಗೆ ತೆಗೆದುನೋಡಿದೆನು. ಬಾಯಲ್ಲಿ ‘ಮರ್ತೋಯ್ತು’ ಎಂದಿದ್ದ ಹುಡುಗರು ಕಾಗದದಲ್ಲಿ ‘ನಾನು ಗಮನ ಕೊಡಲಿಲ್ಲ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಬರೆದಿದ್ದಾರೆ. ಚತುರ್ಥಿಯಿದ್ದಲ್ಲಿ ಪ್ರಥಮೆಯು ಬಂದಿದೆ. ಒಂದು ಕಾಗದದಲ್ಲಿ ಮಾತ್ರ ಒಬ್ಬ ಹುಡುಗನು ಮೊದಲು ‘ನನಗೆ ನೆನಪು ಬರಲಿಲ್ಲ’ ಎಂದು ಬರೆದಿದ್ದನು. ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಸರಿಯಾಗಿ ಬರೆಯೆಂದು ಅಂಚಿನಲ್ಲಿ ಗುರುತುಮಾಡಿದ ಕೈ ನನ್ನದು. ಹೊಡೆದ ಗೆರೆಯ ಕೆಳಗೆ ಅಕ್ಷರಗಳು ಇನ್ನೂ ಓದುವಂತಿವೆ. ಇಂಥ ಕಾಗದಗಳು ಈ ನಾಲ್ಕು ತಾಲ್ಲೂಕುಗಳ ಹಳೆಯ ಶಾಲೆಗಳ ಕಪಾಟುಗಳಲ್ಲಿಯೂ ನಿವೃತ್ತ ಉಪಾಧ್ಯಾಯರ ಮನೆಗಳಲ್ಲಿಯೂ ಇರಲೇಬೇಕು. ಹೆಸರುಗಳನ್ನು ಮರೆಮಾಡಿ, ತಿದ್ದುವ ಮೊದಲಿನ ಪಾಠವನ್ನೂ ತಿದ್ದಿದ ಮೇಲಿನ ಪಾಠವನ್ನೂ ಬೇರೆಬೇರೆಯಾಗಿ ನಕಲುಮಾಡಿಡುವುದು, ಹಸ್ತಪ್ರತಿಗಳ ಪಾಠಾಂತರಗಳನ್ನು ನೋಡಿ ಬಲ್ಲವರಿಗೆ ಕಷ್ಟದ ಕೆಲಸವಲ್ಲ.